ತುಂಡಾಗದ ತಂತಿ

"ಗುರುಗಳೇ, ಆಡಿದ ಮಾತನ್ನು ಮುರಿಯಬಹುದೇ?" ಎಂದು ಶಿಷ್ಯ ಶೇಷಪ್ಪ ಕೇಳಿದ.

"ಯಾವ ಮಾತು?" ಎಂದರು ಗುರುಗಳು.

ಶೇಷಪ್ಪ ವಿಷಯ ಹೇಳಿದ. ಅಪ್ಪನ ತಿಥಿಯ ಊಟದಲ್ಲಿ ಅಣ್ಣ ವಡೆ ಬಡಿಸುತ್ತಾ ಬಂದವನು ಇವನ ಎಲೆಯನ್ನು ದಾಟಿ ಮುಂದಕ್ಕೆ ಹೋಗಿದ್ದ. ಮರೆತು ಹೋದನೋ, ಬೇಕೆಂದೇ ಹೋದನೋ, ಇವನು ಕೇಳಲಿಲ್ಲ. ಅರ್ಧ ಊಟದಲ್ಲಿ ಎದ್ದು, "ಇನ್ನು ನಿನ್ನ ಹೊಸ್ತಿಲು ತುಳಿದರೆ ನಾನು ಅಪ್ಪನ ಮಗನೇ ಅಲ್ಲ" ಎಂದು ಆಣೆ ಇಟ್ಟು ಬಂದಿದ್ದ. ಈಗ ಅಣ್ಣನ ಮಗಳು ರೇವತಿಗೆ ಮದುವೆ. ಮನೆಯಂಗಳದಲ್ಲೇ ಚಪ್ಪರ. ಈ ಚಿಕ್ಕಪ್ಪನ ಹೆಗಲ ಮೇಲೆ ಕೂತು ಬೆಳೆದ ಹುಡುಗಿ ಅವಳು. ನಿನ್ನೆ ಬಂದು, "ನೀವು ಬಾರದಿದ್ದರೆ ನಾನು ಧಾರೆಗೆ ನಿಲ್ಲುವುದಿಲ್ಲ" ಎಂದು ಅತ್ತು ಹೋಗಿದ್ದಳು.

"ನನಗೂ ಕರುಳು ಹಿಂಡುತ್ತದೆ, ಗುರುಗಳೇ. ಆದರೆ ಇಡೀ ಪಂಕ್ತಿಯ ಎದುರು ಹೇಳಿದ ಮಾತು. ಮುರಿದರೆ ಜನ ನಗುವುದಿಲ್ಲವೇ?"

"ಒಂದು ವಡೆಗೆ ಇಷ್ಟೆಲ್ಲ!" ಎಂದರು ಗುರುಗಳು. "ಸರಿ, ಕೂರು. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಒಬ್ಬ ಬೆಸ್ತನಿದ್ದ. ಒಬ್ಬನೇ ಕೂರುವ ಪುಟ್ಟ ದೋಣಿ ಅವನದು. ಕೂತವನು ಜೋರಾಗಿ ಸೀನಿದರೆ ಅದು ಅಲುಗುತ್ತಿತ್ತು. ಹುಟ್ಟು ಹಾಕುತ್ತಾ, ಗಾಳದ ದಾರವನ್ನು ಹಿಂದಿನಿಂದ ಎಳೆದುಕೊಂಡು ಹೋಗಿ ಮೀನು ಹಿಡಿಯುತ್ತಿದ್ದ. ಬಿಸಿಲೇರಿದರೆ ದೊಡ್ಡ ಅಂಜಲ್ ಮೀನು ಆಳಕ್ಕೆ ಇಳಿಯುತ್ತದೆ. ಗಾಳವೂ ಅಲ್ಲಿಗೆ ಇಳಿಯಬೇಕಲ್ಲ? ಅದಕ್ಕೆ ಇನ್ನೊಂದು ಹುರಿಗೆ ಗುಂಡುಕಲ್ಲು ಕಟ್ಟಿ ಇಳಿಬಿಡುತ್ತಾರೆ. ಗಾಳದ ದಾರವನ್ನು ಆ ಕಲ್ಲಿನ ಹತ್ತಿರ ಸಡಿಲವಾಗಿ ಸಿಕ್ಕಿಸುತ್ತಾರೆ. ಮೀನು ಕಚ್ಚಿದ ಕೂಡಲೇ ದಾರ ಬಿಡಿಸಿಕೊಳ್ಳುತ್ತದೆ, ಕಲ್ಲು ಅಲ್ಲೇ ನೇತಾಡುತ್ತದೆ.

ಒಂದು ದಿನ ಅವನ ಹುರಿ ತುಂಡಾಗಿ ಕಲ್ಲು ಸಮುದ್ರದ ಪಾಲಾಯಿತು. ಹೋದದ್ದು ಕಲ್ಲು, ಬಂಗಾರವಲ್ಲ. ಆದರೆ ದಡದಲ್ಲಿದ್ದವರು ನಕ್ಕುಬಿಟ್ಟರು. "ಏನಪ್ಪಾ, ಸಮುದ್ರಕ್ಕೆ ಅಡಿಪಾಯ ಹಾಕಿ ಬಂದೆಯಾ?" ಎಂದು ಒಬ್ಬ ಕೇಳಿದ. ಆ ಮಾತು ಇವನಿಗೆ ಮುಳ್ಳಾಗಿ ನಾಟಿತು. ಆ ಮಧ್ಯಾಹ್ನವೇ ಅಂಗಡಿಗೆ ಹೋದ.

ಅಂಗಡಿಯವನು ನೂಲಿನ ಹುರಿ ತೋರಿಸಿದ, ನೈಲಾನ್ ಹುರಿ ತೋರಿಸಿದ. ಬೆಸ್ತ ಎಲ್ಲವನ್ನೂ ಜಗ್ಗಿ ಜಗ್ಗಿ ನೋಡಿ, "ಪ್ರಳಯ ಬಂದರೂ ತುಂಡಾಗದ್ದು ಕೊಡು" ಎಂದ.

ಅಂಗಡಿಯವನು ಒಳಗಿನಿಂದ ಉಕ್ಕಿನ ಎಳೆ ಹೆಣೆದ ತಂತಿ ತಂದ. "ಇದು ದೊಡ್ಡ ಹಡಗಿನವರು ಒಯ್ಯುವಂಥದ್ದು. ನಿನ್ನ ದೋಣಿ ಎಷ್ಟು ದೊಡ್ಡದು?"

"ದೋಣಿಯ ಮಾತು ನಿನಗೇಕೆ? ತಂತಿ ಅಳೆದು ಕೊಡು."

ಆ ಊರಿನ ಬೆಸ್ತರಲ್ಲಿ ಒಂದು ಪದ್ಧತಿ ಇತ್ತು. ಹುರಿ ಎಷ್ಟೇ ಗಟ್ಟಿಯಿರಲಿ, ಅದಕ್ಕೂ ಕಲ್ಲಿಗೂ ನಡುವೆ ಹಳೆ ಸೀರೆಯ ಸೆರಗಿನ ಒಂದು ಚಿಂದಿ ಕಟ್ಟುತ್ತಿದ್ದರು. ಕಲ್ಲನ್ನು ಹೊರುವಷ್ಟು ಗಟ್ಟಿ, ಅದಕ್ಕಿಂತ ಹೆಚ್ಚಲ್ಲ; ಕಲ್ಲು ಎಲ್ಲಾದರೂ ಸಿಕ್ಕಿಕೊಂಡರೆ ಹರಿದುಹೋಗಲಿ ಎಂದು. ಮಾರನೆಯ ಬೆಳಿಗ್ಗೆ ಹೆಂಡತಿ ಅಂಥ ಚಿಂದಿ ಹರಿದು ತಂದು ಕೊಟ್ಟಳು.

"ಥೂ! ಉಕ್ಕಿನ ತುದಿಗೆ ಚಿಂದಿಯೇ? ತೆಗೆದುಕೊಂಡು ಹೋಗಿ ಪಾತ್ರೆ ಒರೆಸು" ಎಂದ.

"ನಿಮ್ಮ ಹಣೆಬರಹ" ಎಂದು ಅವಳು ಒಳಗೆ ಹೋದಳು.

ಅವನು ತಂತಿಯನ್ನು ನೇರವಾಗಿ ಕಲ್ಲಿಗೆ ಬಿಗಿದ. ಇನ್ನೊಂದು ತುದಿಯನ್ನು ದೋಣಿಯ ಹಿಂದಿನ ಅಡ್ಡಹಲಗೆಗೆ ಸುತ್ತಿ, ಇಕ್ಕಳದಲ್ಲಿ ತಿರುಚಿ ಬಿಟ್ಟ. ಆಮೇಲೆ ದಡದವರಿಗೆ ಕಾಣುವ ಹಾಗೆ ಎದೆಯುಬ್ಬಿಸಿ ಹೊರಟ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಲ್ಲು ಕೆಳಗಿನ ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡಿತು. ಇಳಿಯುತ್ತಿದ್ದ ನೀರಿನ ಸೆಳೆತ ದೋಣಿಯನ್ನು ಮುಂದಕ್ಕೆ ಎಳೆಯಿತು. ತಂತಿ ಬಿಗಿಯಾಯಿತು, ದೋಣಿಯ ಹಿಂಭಾಗ ಬಾಗಿತು.

"ಬಿಚ್ಚೋ ಮಾರಾಯ, ಬಿಚ್ಚು!" ಎಂದು ಪಕ್ಕದ ದೋಣಿಯವರು ಕೂಗಿದರು.

"ಯಾಕೆ ಬಿಚ್ಚಲಿ? ನೋಡಿ, ಕೂದಲಷ್ಟೂ ಜಗ್ಗಿಲ್ಲ!" ಎಂದು ಇವನು ಅಲ್ಲಿಂದಲೇ ಕೂಗಿದ.

ನೀರು ಒಳಗೆ ಬಂತು. ಪಾದ ಮುಳುಗಿತು, ಮಂಡಿ ಮುಳುಗಿತು. ಆಗ ಅವನಿಗೆ ಭಯ ಹತ್ತಿತು. ಚೂರಿ ತೆಗೆದು ತಂತಿ ಕೊಯ್ಯಲು ನೋಡಿದ. ಮೀನು ಕೊಯ್ಯುವ ಚೂರಿಗೆ ಉಕ್ಕು ಬಗ್ಗುತ್ತದೆಯೇ? ಚೂರಿಯ ಬಾಯಿ ಹೋಯಿತು. ತಿರುಚಿದ ತುದಿಯನ್ನು ಉಗುರಿನಿಂದ ಕೆದಕಿದ. ಉಗುರೂ ಹೋಯಿತು. ಕೊನೆಗೆ ದೋಣಿ ಹಿಂದುಹಿಂದಾಗಿ ಕೆಳಗಿಳಿಯಿತು. ಹುಟ್ಟು, ಬುತ್ತಿ, ಗಾಳ ಎಲ್ಲ ಅದರ ಜೊತೆಗೆ ಹೋದವು. ಪಕ್ಕದವರು ಇವನ ಜುಟ್ಟು ಹಿಡಿದು ಮೇಲೆತ್ತಿದರು.

ದಡಕ್ಕೆ ತಂದು ಮಲಗಿಸಿದಾಗ ಮೂಗಿನಲ್ಲಿ ಬಾಯಲ್ಲಿ ಉಪ್ಪುನೀರು. ಜನ ಸುತ್ತ ನೆರೆದರು. ಹೆಂಡತಿ ಎದೆ ಬಡಿದುಕೊಳ್ಳುತ್ತಾ ಓಡಿ ಬಂದಳು. ಅವನು ಕಣ್ಣು ಬಿಟ್ಟು, ಕೆಮ್ಮಿ, ಬೆರಳೆತ್ತಿ ಹೇಳಿದ:

"ಎಲ್ಲರೂ ನೋಡಿದಿರಲ್ಲ? ತಂತಿ ತುಂಡಾಗಲಿಲ್ಲ!"

ಗುರುಗಳು ಕತೆ ನಿಲ್ಲಿಸಿದರು. ಶೇಷಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಎಂಥ ಪೆದ್ದ, ಗುರುಗಳೇ! ಚಿಂದಿ ಕಟ್ಟಿದ್ದರೆ ಹೋಗುತ್ತಿದ್ದುದು ಒಂದು ಕಲ್ಲು ತಾನೇ! ದೋಣಿ ಮುಳುಗುತ್ತಿರುವಾಗ ಯಾರಾದರೂ ತಂತಿಯ ಮರ್ಯಾದೆ ನೋಡುತ್ತಾರೆಯೇ?"

ಗುರುಗಳು ಅವನ ನಗು ಮುಗಿಯುವ ತನಕ ಕಾದು ಹೇಳಿದರು:

"ಅವನನ್ನಾದರೂ ದಡಕ್ಕೆ ಎಳೆದು ಹಾಕಿದರು, ಶೇಷಪ್ಪ, ನೀನು ಇನ್ನೂ ನೀರಿನಲ್ಲೇ ಇದ್ದೀಯ."