ಮಾತಾಡುವ ಕಾರು, ಬಾಯಿ ಬಿಡದ ಕಾರು

ತಿಪಟೂರಿನಲ್ಲಿ ಎಣ್ಣೆ ಮಿಲ್ಲು ನಡೆಸುವ ಪುಟ್ಟಬಸಪ್ಪನವರು ಮಾತಾಡುವ ಹೊಸ ಕಾರು ಕೊಂಡರು. ಅದನ್ನು ನೋಡಲು ಬೀಗರು ಬಂದರು. ಅವರೆದುರಿಗೇ ಡ್ರೈವರ್ ಚೌಡಯ್ಯನಿಗೆ ಅಪ್ಪಣೆಯಾಯಿತು: "ಆ ಮುದಿ ಅಂಬಾಸಿಡರ್ ಇವತ್ತೇ ಗುಜರಿಗೆ ಹಾಕು!"

ಇಪ್ಪತ್ತು ವರ್ಷ ಅದನ್ನು ಓಡಿಸಿದ್ದ ಚೌಡಯ್ಯನಿಗೆ ಅದನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಆದರೂ ವಿನಯದಿಂದ, "ಆಗಲಿ ಯಜಮಾನ್ರೇ. ಬೀಗರನ್ನ ಕೂರಿಸಿಕೊಂಡು ಎರಡನ್ನೂ ನೀವೇ ಒಂದೊಂದು ಸುತ್ತು ಓಡಿಸಿಬಿಡಿ. ವ್ಯತ್ಯಾಸ ಅವರಿಗೂ ಗೊತ್ತಾಗಲಿ" ಎಂದ.

ಯಜಮಾನರು ಉಬ್ಬಿಹೋದರು. ಚೌಡಯ್ಯನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಹೊಸ ಕಾರು ಹೊರಟ ಕೂಡಲೇ ಹೇಳಿತು: "ಬೆಲ್ಟ್ ಹಾಕಿಕೊಳ್ಳಿ." ಆಮೇಲೆ, "ವೇಗ ತಗ್ಗಿಸಿ." ತಿರುವಿನಲ್ಲಿ, "ಗಮನವಿಟ್ಟು ಓಡಿಸಿ." ಹಿಂದೆ ಕೂತಿದ್ದ ಬೀಗರು ಕಿಸಕ್ಕನೆ ನಕ್ಕರು. ಅಂಬಾಸಿಡರ್‌ ಹತ್ತಿದಾಗ ಯಜಮಾನರು ಗೇರನ್ನು ಕರಕರ ಎನ್ನಿಸಿದರು, ಗುಂಡಿಗೂ ಇಳಿಸಿದರು. ಅದು ಒಂದು ಮಾತೂ ಆಡಲಿಲ್ಲ.

"ಏನೋ ವ್ಯತ್ಯಾಸ?" ಇಳಿದವರೇ ಯಜಮಾನರು ಚೌಡಯ್ಯನನ್ನು ಗದರಿದರು.

"ಹೊಸದಕ್ಕೆ ಬುದ್ಧಿ ಜಾಸ್ತಿ ಯಜಮಾನ್ರೇ, ನಿಮಗೇ ಬುದ್ಧಿ ಹೇಳುತ್ತೆ. ಹಳೇದು ನನ್ನಂಗೆ, ನೀವು ಏನು ಮಾಡಿದ್ರೂ ಸುಮ್ಮನಿರುತ್ತೆ."

ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಖ ಗಂಟಿಕ್ಕಿದ್ದ ಯಜಮಾನರಿಗೂ ನಗು ತಡೆಯಲಾಗಲಿಲ್ಲ. ಅಂಬಾಸಿಡರ್ ಕೀಲಿಯನ್ನು ಚೌಡಯ್ಯನ ಕೈಗೆ ಹಾಕಿ ಹೇಳಿದರು:

"ಇದು ಇಲ್ಲೇ ಇರಲಿ. ಹೊಸದನ್ನ ನನ್ನ ಮಗನಿಗೆ ಕೊಡ್ತೀನಿ. ನಾನು ಹೇಳಿದ ಬುದ್ಧಿ ಅವನ ಕಿವಿಗೇ ಹೋಗಲ್ಲ, ಅದಾದ್ರೂ ಹೇಳಲಿ!"