ಚಿಂಗಾರಿಯ ಗೊಂಬೆ ಮೆಟ್ಟಿಲು

ಒಂದೇ ಕೋಣೆಯ ಫ್ಲಾಟಿನಲ್ಲಿ ವಿಶಾಲಾಕ್ಷಮ್ಮನವರಿಗೆ ತಮ್ಮ ಬೆಕ್ಕು ಚಿಂಗಾರಿಯ ಆಟಿಕೆಗಳನ್ನು ಇಡಲು ಜಾಗವೇ ಸಾಲದಾಯಿತು. ಇದ್ದೊಂದು ಕುರ್ಚಿಯನ್ನು, ಅದರಡಿಯೇ ಬೆಕ್ಕು ಮಲಗುತ್ತದೆಂಬುದನ್ನೂ ಮರೆತು, ಪಕ್ಕದ ಮನೆಗೆ ದಾಟಿಸಿದರು. ಕುರ್ಚಿಯಿದ್ದ ಜಾಗದಲ್ಲಿ ದಸರಾ ಗೊಂಬೆಗಳಿಗೆ ಕಟ್ಟುವಂಥ ಮೆಟ್ಟಿಲು ಕಟ್ಟಿ, ಚೆಂಡು, ಗರಿ, ಬಟ್ಟೆಯ ಇಲಿಗಳನ್ನೆಲ್ಲ ಸಾಲಾಗಿ ಕೂರಿಸಿದರು. ಚಿಂಗಾರಿ ಒಂದು ಇಲಿಗೆ ಕೈ ಹಾಕಿದ್ದೇ ತಡ, "ಮುಟ್ಬೇಡ್ವೇ, ಸಾಲು ಕೆಡುತ್ತೆ!" ಎಂದು ಗದರಿದರು.

"ಆಗಲಿ ಅಮ್ಮಾ. ಇವಕ್ಕೆ ಆರತಿ ಎಷ್ಟು ಹೊತ್ತಿಗೆ?" ಎಂದಿತು ಬೆಕ್ಕು.

ವಿಶಾಲಾಕ್ಷಮ್ಮನವರಿಗೆ ನಗು ತಡೆಯಲಾಗಲಿಲ್ಲ. ದಣಿದಿದ್ದರು; ಕುರ್ಚಿಯೂ ಇಲ್ಲ. ನೆಲದ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತರು. ಚಿಂಗಾರಿ ಮೆಲ್ಲಗೆ ಅವರ ಮಡಿಲೇರಿ ಮುದುಡಿಕೊಂಡು ಹೇಳಿತು:

"ಸದ್ಯ, ಇಲ್ಲೊಂದಿಷ್ಟು ಜಾಗ ನನಗೂ ಉಳಿಸಿದ್ದೀರಿ."