ಮೂರು ಡಿಸ್ಕಿನ ಮಾತು ನಂಬಿದ ಓಬಯ್ಯ

ಹತ್ತಿರ ಬಂದು ಕೂತ್ಕೊಳ್ಳಿ. ನಗು ಬಂದರೆ ನಗಿ, ಆದರೆ ತಿಪ್ಪಮ್ಮನ ಎದೆ ಹೇಗೆ ಹೊಡ್ಕೊಳ್ತಿತ್ತು ಅನ್ನೋದನ್ನ ಮಾತ್ರ ಮರೀಬೇಡಿ.

ತಿಪ್ಪಮ್ಮ ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವವಳು. ಊರಲ್ಲಿ ಯಾರಿಗೆ ಯಾವ ಔಷಧಿ ಆಗಿಬರುವುದಿಲ್ಲ ಅನ್ನುವ ಪಟ್ಟಿ ಅದರಲ್ಲಿತ್ತು. ತಪ್ಪಿದರೆ ಪ್ರಾಣವೇ ಹೋದೀತು! ಅದಕ್ಕೇ ಒಂದೇ ಪಟ್ಟಿ ಮೂರು ಡಿಸ್ಕಿನಲ್ಲಿ. ಕಾಗದದ ಪುಸ್ತಕವನ್ನು ಗೆದ್ದಲು ತಿಂದು ವರ್ಷವಾಗಿತ್ತು. ಮೂರು ಡಿಸ್ಕನ್ನೂ ಜೊತೆಗೆ ನಡೆಸುವ ಪ್ರೋಗ್ರಾಮಿಗೆ ಡ್ರೈವರ್ ಅಂತ ಹೆಸರು. ಪ್ರತಿ ಡಿಸ್ಕನ್ನೂ ‘ಸರಿಯಿದೀಯಾ?’ ಅಂತ ಕೇಳಿ, ಹೂಂ ಅಂದರೆ ಮಾತ್ರ ಪಟ್ಟಿ ತೋರಿಸೋಕೆ ಒಳಗೆ ಬಿಡುವುದು ಅದರ ಕೆಲಸ. ಆ ಡ್ರೈವರ್ ರಿಪೇರಿ ಈಗ ಅವಳ ಮಗ ಓಬಯ್ಯನ ಕೈಲಿ. ಮೂವತ್ತು ದಾಟಿದ ಮಗ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಹೆತ್ತವಳಿಗೆ ಇದಕ್ಕಿಂತ ದೊಡ್ಡ ಭಯ ಬೇಕಾ?

“ಓಬಯ್ಯಾ, ಒಂದೇ ತಪಾಸಣೆನ ಪ್ರೋಗ್ರಾಮಲ್ಲಿ ಮೂರು ಕಡೆ ಬರೆದವ್ರೆ. ಒಂದು ಕಡೆ ಕೇಳಿದ್ರೆ ಸಾಕು, ಹಂಗೆ ಮಾಡು.”

“ಆಯ್ತವ್ವ!”

ಮಾಡಿದ. ಮೊದಲನೇ ಡಿಸ್ಕನ್ನು ಮಾತ್ರ ಕೇಳುವ ಹಾಗೆ ಮಾಡಿದ! ಕೆಟ್ಟು ಕೂತಿದ್ದ ಎರಡನೆಯದು ಹೇಳೋರಿಲ್ಲ ಕೇಳೋರಿಲ್ಲ ಅಂತ ಒಳಗೆ ನುಗ್ಗಿತು. ಪಟ್ಟಿಯಲ್ಲಿ ಅರ್ಧ ಹೆಸರೇ ಕಾಣೆ. ತಿಪ್ಪಮ್ಮ ಆ ಡಿಸ್ಕು ಕಿತ್ತೆಸೆದು ಹೊಸದೊಂದು ಖಾಲಿ ಡಿಸ್ಕು ಹಾಕಿದಳು.

“ಅಯ್ಯೋ ಪೆದ್ದೇ! ಮೂರನ್ನೂ ಕೇಳ್ಬೇಕು ಕಣೋ! ಮೂರೂ ಹೂಂ ಅಂದ್ಮೇಲೇ ಬಾಗ್ಲು ತೆಗೀಬೇಕು!”

“ಆಯ್ತವ್ವ, ಇನ್ಮೇಲೆ ಹಂಗೇ ಮಾಡ್ತೀನಿ!”

ಮಾಡಿದ. ಖಾಲಿ ಡಿಸ್ಕು ಹೂಂ ಅನ್ನಲಿಲ್ಲ. ಬಾಗಿಲು ತೆಗೆಯಲಿಲ್ಲ. ಪಟ್ಟಿ ಕಾಣದೆ ಡಾಕ್ಟ್ರು ಕೂಗಾಡಿದರು. ಜ್ವರದಲ್ಲಿ ಸುಡುವ ಕೂಸನ್ನು ಎತ್ತಿಕೊಂಡು ಒಬ್ಬ ತಾಯಿ ಕಾಯುತ್ತಲೇ ನಿಂತಳು. ಆ ಕೂಸಿನ ಮುಖ ನೋಡಿ ತಿಪ್ಪಮ್ಮ ಮಗನ ಹತ್ತಿರ ಓಡಿದಳು.

“ಮುಟ್ಠಾಳ! ಒಂದು ಸುಮ್ಕಿದ್ರೆ ಎಲ್ಲಾನೂ ನಿಲ್ಲುಸ್ತಾರೇನೋ? ಎರಡು ಒಂದೇ ಮಾತು ಅಂದ್ರೆ ಅದೇ ನಿಜ. ಉಳಿದಿದ್ದನ್ನೂ ಅವುಗಳಂಗೇ ಮಾಡು!”

“ಆಯ್ತವ್ವ!”

ಅವಳು ಡಾಕ್ಟ್ರ ಕೈಕಾಲು ಹಿಡಿಯಲು ಓಡಿದಳು. ಅಷ್ಟರಲ್ಲಿ ಮೂರನೇ ಡಿಸ್ಕು ಕರಕರ ಅಂತು. ಕೆಟ್ಟ ಡಿಸ್ಕಿಗೆ ಅವ್ವ ಮಾಡಿದ್ದನ್ನು ಓಬಯ್ಯ ನೋಡಿದ್ದನಲ್ಲ! ಅದನ್ನೂ ಕಿತ್ತೆಸೆದ, ಖಾಲಿಯದೊಂದನ್ನು ಹಾಕಿದ. ಈಗ ಎರಡು ಖಾಲಿ, ಒಂದು ತುಂಬಿದ್ದು.

“ಏನೈತೆ ನಿಮ್ಮೊಳಗೆ?” ಅಂತ ಡಿಸ್ಕುಗಳನ್ನೇ ಕೇಳಿದ.

ಖಾಲಿ ಎರಡೂ ‘ಏನೂ ಇಲ್ಲ’ ಅಂದವು. ಎರಡು ಅಂದದ್ದೇ ನಿಜ! ತುಂಬಿದ್ದನ್ನೂ ಚೊಕ್ಕಟವಾಗಿ ಒರೆಸಿಬಿಟ್ಟ.

ವಾಪಸು ಬಂದು ನೋಡಿದ ತಿಪ್ಪಮ್ಮ ದೊಪ್ಪನೆ ಬಿದ್ದಳು. ಹಣೆ ಒಡೆದು ರಕ್ತ ಬಂತು. ಸಿಸ್ಟರ್ ಸೂಜಿ ಹಿಡಿದು ಓಡಿ ಬಂದರು.

“ಓಬಯ್ಯ, ನಿಮ್ಮವ್ವಂಗೆ ಪೆನ್ಸಿಲಿನ್ ಆಗುತ್ತೇನಪ್ಪ? ಬೇಗ ಪಟ್ಟಿ ನೋಡು!”

“ಬ್ಯಾಡ ಅಂತ ಏನೂ ಬರೆದಿಲ್ಲ ಸಿಸ್ಟರ್. ಚುಚ್ಚಿ!”

ಸತ್ತಂತೆ ಬಿದ್ದಿದ್ದ ತಿಪ್ಪಮ್ಮ ಎದ್ದೇ ಬಿಟ್ಟಳು. “ಬ್ಯಾಡ! ಪೆನ್ಸಿಲಿನ್ ಕೊಟ್ರೆ ಸತ್ತೇ ಹೋಗ್ತೀನಿ!” ಅಂತ ಚೀರುತ್ತಾ ಗೇಟಿನತ್ತ ಓಟ ಕಿತ್ತಳು. ಹಿಂದೆಯೇ ಓಬಯ್ಯ.

“ನಿಲ್ಲವ್ವ! ಹಂಗನ್ನೋಳು ನೀನೊಬ್ಳೇ. ಡಿಸ್ಕು ಮೂರೂ ಏನಿಲ್ಲ ಅಂತಾವೆ!”